ಸೋನಿ ಎಂಝಡ್-ಎನ್505 ಮಿನಿಡಿಸ್ಕ್ ರೆಕಾರ್ಡರ್: ರಿಪೇರಿ ಲಾಗ್

ಮೇಜಿನ ಮೇಲಿರುವುದು ಸೋನಿಯ ಎಂಝಡ್-ಎನ್505. 2002ರ ನೆಟ್‌ಎಂಡಿ ರೆಕಾರ್ಡರ್ (ಕಂಪ್ಯೂಟರ್‌ನಿಂದ ಯುಎಸ್‌ಬಿ ಮೂಲಕ ಹಾಡು ತುಂಬಬಹುದಾದ ಜಾತಿ), ಒಂದೇ ಒಂದು ಎಎ ಸೆಲ್‌ನಲ್ಲಿ ಓಡುತ್ತದೆ, ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಬಂದ ಸ್ಥಿತಿ ಹೀಗಿದೆ: ಸೆಲ್ ಗೂಡಿನಲ್ಲಿ ಬಿಳಿ ಹುಡಿ, ಸ್ಪ್ರಿಂಗ್ ಬುಡದಲ್ಲಿ ಹಸಿರು ಕಿಲುಬು. ಪ್ಲೇ ಒತ್ತಿದರೆ ಡಿಸ್‌ಪ್ಲೇ ಒಮ್ಮೆ ಮಿನುಗಿ ಆರುತ್ತದೆ. ಬೆಂಚ್ ಸಪ್ಲೈಯಿಂದ, ಅಂದರೆ ಬೇಕಾದ ವೋಲ್ಟೇಜ್ ಕೊಡುವ ಮೇಜಿನ ಪೆಟ್ಟಿಗೆಯಿಂದ, ಟರ್ಮಿನಲ್ ಪಟ್ಟಿಗಳಿಗೆ ನೇರವಾಗಿ 1.5 ವೋಲ್ಟ್ ಕೊಟ್ಟರೆ ಡಿಸ್ಕ್ ತಿರುಗುತ್ತದೆ, ಮೊದಲ ಕೆಲವು ಹಾಡು ಬರುತ್ತವೆ, ಆಮೇಲೆ ‘ಡಿಸ್ಕ್ ಎರರ್’. ರೆಕಾರ್ಡ್ ಆಗುವುದಿಲ್ಲ. ಇಂಥ ಯಂತ್ರ ಮಾರುವವರು ಸಾಮಾನ್ಯವಾಗಿ ಒಂದೇ ಮಾತು ಬರೆದಿರುತ್ತಾರೆ: ಲೇಸರ್ ಹೋಗಿದೆ, ಬಿಡಿಭಾಗಕ್ಕೆ ಮಾತ್ರ.

ಆ ಮಾತು ನಂಬಿ ಲೇಸರ್‌ಗೆ ಕೈ ಹಾಕಬೇಡಿ. ಹೆಚ್ಚಿನ ಮಿನಿಡಿಸ್ಕ್ ಯಂತ್ರಗಳಲ್ಲಿ ಮೊದಲು ಕೆಡುವುದು ಲೇಸರ್ ಅಲ್ಲ. ನೋಡಬೇಕಾದ ಕ್ರಮ: ವಿದ್ಯುತ್, ಕೊಳೆ, ಗ್ರೀಸ್, ರೆಕಾರ್ಡಿಂಗ್ ಹೆಡ್, ಇದೆಲ್ಲ ಮುಗಿದ ಮೇಲೆ ಲೇಸರ್. ಈ ಕ್ರಮ ತಪ್ಪಿಸಿ ಅಡ್‌ಜಸ್ಟ್‌ಮೆಂಟ್ ತಿರುವಿದ ಯಂತ್ರವನ್ನು ಮತ್ತೆ ದಾರಿಗೆ ತರುವುದು ಕೆಟ್ಟ ಯಂತ್ರ ರಿಪೇರಿ ಮಾಡುವುದಕ್ಕಿಂತ ಕಷ್ಟ.

ಡಿಸ್ಕ್‌ನ ಒಳಗೆ ನಡೆಯುವುದೇನು

ಇದನ್ನು ತಿಳಿದುಕೊಂಡರೆ ಅರ್ಧ ರಿಪೇರಿ ಮುಗಿದಂತೆ. ಮಿನಿಡಿಸ್ಕ್ 1992ರ ನವೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು, ಮೊದಲ ಯಂತ್ರ ಎಂಝಡ್-1. 72 × 68 × 5 ಮಿ.ಮೀ. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ 64 ಮಿ.ಮೀ. ಡಿಸ್ಕ್. ನೋಡಲು ಪುಟ್ಟ ಸಿಡಿಯಂತಿದ್ದರೂ ಅದರಲ್ಲಿ ಎರಡು ಜಾತಿಯಿವೆ. ಅಂಗಡಿಯಲ್ಲಿ ಹಾಡು ತುಂಬಿಯೇ ಬರುತ್ತಿದ್ದ ಡಿಸ್ಕ್‌ನಲ್ಲಿ ಸಿಡಿಯಲ್ಲಿರುವಂಥ ಗುಳಿಗಳಿವೆ. ನಾವು ರೆಕಾರ್ಡ್ ಮಾಡುವ ಡಿಸ್ಕ್‌ನಲ್ಲಿ ಗುಳಿಗಳಿಲ್ಲ, ಟರ್ಬಿಯಂ, ಕಬ್ಬಿಣ, ಕೋಬಾಲ್ಟ್ ಸೇರಿದ ತೆಳ್ಳನೆಯ ಕಾಂತೀಯ ಪದರ ಇದೆ.

ರೆಕಾರ್ಡ್ ಮಾಡುವಾಗ ಲೇಸರ್ ಕೆಳಗಿನಿಂದ ಆ ಪದರದ ಒಂದು ಚುಕ್ಕೆಯನ್ನು ಸುಮಾರು 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತದೆ. ಆ ಬಿಸಿಯಲ್ಲಿ ಚುಕ್ಕೆ ತನ್ನ ಹಳೆಯ ಕಾಂತೀಯ ದಿಕ್ಕನ್ನು ಕಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಮೇಲಿನಿಂದ ಡಿಸ್ಕ್‌ಗೆ ತಾಗಿಕೊಂಡಿರುವ ಪುಟ್ಟ ಕಾಂತೀಯ ಹೆಡ್ ಹೊಸ ದಿಕ್ಕು ಕೊಡುತ್ತದೆ, ಚುಕ್ಕೆ ತಣಿಯುವಾಗ ಅದೇ ದಿಕ್ಕು ಉಳಿಯುತ್ತದೆ. ಓದುವಾಗ ಲೇಸರ್‌ನ ಶಕ್ತಿ ಕಡಿಮೆ, ಏನನ್ನೂ ಕಾಯಿಸುವುದಿಲ್ಲ. ಚುಕ್ಕೆಯ ದಿಕ್ಕಿಗೆ ತಕ್ಕಂತೆ ಮರಳಿ ಬರುವ ಬೆಳಕಿನ ಧ್ರುವೀಕರಣ ಒಂದು ಕೂದಲೆಳೆಯಷ್ಟು ತಿರುಗುತ್ತದೆ, ಅದನ್ನೇ ಪಿಕಪ್, ಅಂದರೆ ಲೇಸರ್ ಮತ್ತು ಲೆನ್ಸ್ ಇರುವ ಭಾಗ, ಗುರುತಿಸಬೇಕು. ಕೋಣೆಯ ಬಿಸಿಯಲ್ಲಿ ಸ್ಪೀಕರ್ ಪಕ್ಕ ಇಟ್ಟರೆ ಡಿಸ್ಕ್ ಅಳಿಸಿಹೋಗುವುದಿಲ್ಲ, ಏಕೆಂದರೆ ಬಿಸಿ ಮತ್ತು ಕಾಂತ ಎರಡೂ ಒಟ್ಟಿಗೆ ಬೇಕು.

ಗುಳಿಯ ಡಿಸ್ಕ್ ಸಿಡಿಯಂತೆ ಚೆನ್ನಾಗಿ ಹೊಳೆಯುತ್ತದೆ. ರೆಕಾರ್ಡ್ ಮಾಡುವ ಡಿಸ್ಕ್‌ನಿಂದ ಮರಳುವ ಬೆಳಕು ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಲೆನ್ಸ್ ಮೇಲೆ ಮಸಿ ಕೂತಾಗ ಮೊದಲು ಮುಗ್ಗರಿಸುವುದು ರೆಕಾರ್ಡ್ ಡಿಸ್ಕ್. ಇಲ್ಲಿಂದ ರೋಗ ಪತ್ತೆಯ ಸೂತ್ರ ತಾನಾಗಿಯೇ ಬರುತ್ತದೆ. ಗುಳಿಯ ಡಿಸ್ಕ್ ಓಡಿ ರೆಕಾರ್ಡ್ ಡಿಸ್ಕ್ ಓಡದಿದ್ದರೆ ಲೆನ್ಸ್ ಕೊಳೆ, ಇಲ್ಲವೇ ಲೇಸರ್ ಸೊರಗಿದೆ. ಎರಡೂ ಓಡಿ ರೆಕಾರ್ಡಿಂಗ್ ಮಾತ್ರ ಆಗದಿದ್ದರೆ ಹೆಡ್ ಕಡೆ ನೋಡಿ. ಎರಡೂ ಓಡದಿದ್ದರೆ ವಿದ್ಯುತ್, ಮೋಟಾರ್, ಫ್ಲೆಕ್ಸ್ ಕೇಬಲ್ (ಬಾಗುವ ಚಪ್ಪಟೆ ಕೇಬಲ್). ಮೊದಲ ಹಾಡುಗಳು ಬಂದು ಕೊನೆಯವು ಬರದಿದ್ದರೆ ಪಿಕಪ್ ಜಾರುವ ಹಾದಿಯಲ್ಲಿ ತೊಡಕು. ಗುಳಿಯ ಡಿಸ್ಕ್ ಒಂದಾದರೂ ಕೈಯಲ್ಲಿರಲಿ, ಯಾವ ಹಾಡಿದ್ದರೂ ಸರಿ. ಅದಕ್ಕಿಂತ ಒಳ್ಳೆಯ ಪರೀಕ್ಷಾ ಸಾಧನ ಈ ಕೆಲಸಕ್ಕೆ ಇಲ್ಲ.

ಇನ್ನೊಂದು ಸಾಧನ ನಮ್ಮ ಕಿವಿ. ಎಸ್‌ಪಿ, ಅಂದರೆ ಮಾಮೂಲಿ ರೆಕಾರ್ಡಿಂಗ್ ಮೋಡ್‌ನಲ್ಲಿ ಧ್ವನಿ ಸೆಕೆಂಡಿಗೆ 292 ಕಿಲೋಬಿಟ್, ಡಿಸ್ಕ್‌ನಿಂದ ಓದುವ ವೇಗ ಸೆಕೆಂಡಿಗೆ 1.4 ಮೆಗಾಬಿಟ್. ಅಂದರೆ ಬೇಕಾದ್ದಕ್ಕಿಂತ ಸುಮಾರು ಐದು ಪಟ್ಟು ವೇಗ. ಯಂತ್ರ ಸ್ವಲ್ಪ ಹೊತ್ತು ಓದಿ ಮೆಮೊರಿ ತುಂಬಿಕೊಳ್ಳುತ್ತದೆ, ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತದೆ. ಆರೋಗ್ಯವಂತ ಯಂತ್ರವನ್ನು ಕಿವಿಗೆ ಹಿಡಿದರೆ ಈ ತಾಳ ಸ್ಪಷ್ಟವಾಗಿ ಕೇಳುತ್ತದೆ: ಸಣ್ಣ ಗುಂಯ್, ಒಂದು ಚಿಟ್, ದೀರ್ಘ ಮೌನ, ಮತ್ತೆ ಗುಂಯ್. ಓದು ತಪ್ಪುತ್ತಿದ್ದರೆ ಯಂತ್ರ ಅದೇ ಜಾಗವನ್ನು ಮತ್ತೆ ಮತ್ತೆ ಓದುತ್ತದೆ, ಮೌನ ಚಿಕ್ಕದಾಗುತ್ತದೆ, ಚಿಟ್‌ಚಿಟ್ ಹೆಚ್ಚಾಗುತ್ತದೆ. ಇಷ್ಟಾದರೂ ಇಯರ್‌ಫೋನಿನಲ್ಲಿ ಹಾಡು ನಿರಾತಂಕವಾಗಿ ಬರುತ್ತಿರುತ್ತದೆ, ಮೆಮೊರಿ ತಪ್ಪನ್ನು ಮುಚ್ಚಿಹಾಕುವುದರಿಂದ. ಹಾಡು ಕೇಳಿ ‘ಸರಿಯಾಯಿತು’ ಎಂದು ತೀರ್ಮಾನಿಸಬೇಡಿ, ತಾಳ ಕೇಳಿ ತೀರ್ಮಾನಿಸಿ.

ಬೇಕಾದ ಸಾಮಾನು

ಜಪಾನಿ ಜಿಸ್ ಮಾದರಿಯ ಸಣ್ಣ ಕ್ರಾಸ್ ಸ್ಕ್ರೂಡ್ರೈವರ್, 00 ಮತ್ತು 000 ಅಳತೆ. ಮಾಮೂಲಿ ಫಿಲಿಪ್ಸ್ ತುದಿಯಿಂದಲೂ ತಿರುಗಿಸಬಹುದು, ಆದರೆ ಬಿಗಿಯಾದ ಸ್ಕ್ರೂನಲ್ಲಿ ಅದು ಮೇಲೆ ಜಾರಿ ತಲೆ ಸವೆಸುತ್ತದೆ. ಈ ಸ್ಕ್ರೂಗಳ ಲೋಹ ಮೆತ್ತಗೆ, ಎರಡನೇ ಅವಕಾಶ ಸಿಗುವುದಿಲ್ಲ. 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ 50 ಮಿ.ಲೀ. ಸಾಕು, ಔಷಧಿ ಅಂಗಡಿಯ 70 ಪ್ರತಿಶತದ್ದರಲ್ಲಿ ನೀರಿದೆ, ಲೆನ್ಸ್ ಮೇಲೆ ಕಲೆ ಉಳಿಯುತ್ತದೆ. ತುದಿ ಚೂಪಾದ ಹತ್ತಿಕಡ್ಡಿ, ಎಳೆ ಬಿಡದಂಥದ್ದು. ಅಡುಗೆಯ ಬಿಳಿ ವಿನೆಗರ್ ಎರಡು ಚಮಚ. ಫೈಬರ್‌ಗ್ಲಾಸ್ ಪೆನ್. ಪ್ಲಾಸ್ಟಿಕ್‌ಗೆ ಹಾನಿ ಮಾಡದ ಪಿಟಿಎಫ್‌ಇ ಬೆರೆತ ಸಿಂಥೆಟಿಕ್ ಗ್ರೀಸ್, ಇಡೀ ಕೆಲಸಕ್ಕೆ ಸಾಸಿವೆ ಕಾಳಿನ ಅರ್ಧದಷ್ಟು. ಮಲ್ಟಿಮೀಟರ್, ಸಣ್ಣ ತುದಿಯ ಸೋಲ್ಡರಿಂಗ್ ಐರನ್, ಮಣಿಕಟ್ಟಿಗೆ ಕಟ್ಟುವ ಆಂಟಿಸ್ಟ್ಯಾಟಿಕ್ ಪಟ್ಟಿ, ಭೂತಗನ್ನಡಿ. ಬೆಂಗಳೂರಿನವರಿಗೆ ಇದರಲ್ಲಿ ಬಹುಪಾಲು ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಜಿಸ್ ಸ್ಕ್ರೂಡ್ರೈವರ್‌ಗೆ ಮಾತ್ರ ಆನ್‌ಲೈನ್ ನೋಡಬೇಕಾಗಬಹುದು.

ಡಬ್ಲ್ಯೂಡಿ-40 ಈ ಮೇಜಿನ ಹತ್ತಿರ ಬರಬಾರದು. ಅದು ಹರಿದು ಲೆನ್ಸ್ ತನಕ ಹೋಗುತ್ತದೆ.

ಸೆಲ್ ಗೂಡು

ಆಲ್ಕಲೈನ್ ಸೆಲ್ ಸೋರಿದಾಗ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಅದೇ ಬಿಳಿ ಹುಡಿಯಾಗುತ್ತದೆ. ಕ್ಷಾರಕ್ಕೆ ಹುಳಿ ಮದ್ದು. ಇಲ್ಲಿ ಅಡುಗೆ ಸೋಡಾ ಹಚ್ಚುವವರು ಬಹಳ. ಅದು ಕಾರ್ ಬ್ಯಾಟರಿಯ ಆಮ್ಲಕ್ಕೆ ಸರಿ, ಕ್ಷಾರದ ಮೇಲೆ ಹಚ್ಚಿದರೆ ಪ್ರಯೋಜನವಿಲ್ಲ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ತಿಕ್ಕುವ ಅಭ್ಯಾಸ ನಮಗಿದೆ, ಹುಳಿಯ ತತ್ವ ಅದೇ, ಆದರೆ ಹುಣಸೆಯ ನಾರು ಮತ್ತು ಅಂಟು ಗೂಡಿನಲ್ಲಿ ಉಳಿಯುತ್ತದೆ. ವಿನೆಗರ್ ಶುಚಿ.

ಒಣ ಹುಡಿಯನ್ನು ಮೊದಲು ಟೂತ್‌ಬ್ರಶ್‌ನಿಂದ ಹೊರಕ್ಕೆ ಉದುರಿಸಿ, ಯಂತ್ರವನ್ನು ಬೋರಲು ಹಿಡಿದು. ಹತ್ತಿಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ, ಹಿಂಡಿ, ಹುಡಿಗೆ ಒತ್ತಿ. ನೊರೆ ಬರುವುದು ನಿಲ್ಲುವ ತನಕ ಹೊಸ ಹೊಸ ಕಡ್ಡಿ. ಹನಿ ಬಿಡಬೇಡಿ, ಗೂಡಿನ ಗೋಡೆಯ ಆಚೆಯೇ ಬೋರ್ಡ್ ಇದೆ. ಆಮೇಲೆ ನೀರು ತೇವ ಮಾಡಿದ ಕಡ್ಡಿಯಿಂದ ಎರಡು ಸಲ, ಆಲ್ಕೊಹಾಲ್‌ನಿಂದ ಒಂದು ಸಲ. ಕೊನೆಗೆ ಫೈಬರ್‌ಗ್ಲಾಸ್ ಪೆನ್‌ನಿಂದ ಸೆಲ್ ತಾಗುವ ಜಾಗವನ್ನಷ್ಟೇ ಉಜ್ಜಿ, ಲೋಹ ಹೊಳೆದ ಕೂಡಲೇ ನಿಲ್ಲಿಸಿ. ನಿಕಲ್ ಲೇಪ ಹೋಗಿ ಕೆಳಗಿನ ಕಬ್ಬಿಣ ಕಂಡರೆ ಅಲ್ಲಿ ತುಕ್ಕು ಹಿಡಿಯುತ್ತದೆ. ಅಂಥ ಜಾಗಕ್ಕೆ ಫ್ಲಕ್ಸ್ ಹಚ್ಚಿ ಸೋಲ್ಡರ್‌ನ ತೆಳು ಪದರ ಎಳೆಯಬೇಕು.

ಈಗ ಅಳತೆ. ಟರ್ಮಿನಲ್ ಪಟ್ಟಿಯಿಂದ ಬೋರ್ಡ್‌ನ ಬೆಸುಗೆ ಬಿಂದುವಿನ ತನಕ ಪ್ರತಿರೋಧ ನೋಡಿ, ಮೀಟರ್ ವೈರುಗಳ ಪ್ರತಿರೋಧ ಕಳೆದು. 0.1 ಓಮ್ ಮೀರಬಾರದು. ಅರ್ಧ ಓಮ್ ಯಾವ ಲೆಕ್ಕ ಎನಿಸಬಹುದು, ಆದರೆ ಇದು ಒಂದೇ ಸೆಲ್‌ನ 1.2ರಿಂದ 1.5 ವೋಲ್ಟ್‌ನಲ್ಲಿ ಓಡುವ ಯಂತ್ರ. ಡಿಸ್ಕ್ ತಿರುಗಲು ಶುರುವಾಗುವ ಕ್ಷಣ 400 ಮಿಲಿಆಂಪ್ ಎಳೆಯಿತು ಎಂದುಕೊಳ್ಳಿ, ಅರ್ಧ ಓಮ್‌ನಲ್ಲೇ 0.2 ವೋಲ್ಟ್ ಹೋಯಿತು. ಸೆಲ್‌ನ ವೋಲ್ಟೇಜ್ ಏರಿಸುವ ಒಳಗಿನ ಕನ್ವರ್ಟರ್, ವೋಲ್ಟೇಜ್ ಕಡಿಮೆಯಾದಷ್ಟೂ ಹೆಚ್ಚು ಕರೆಂಟ್ ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ವೋಲ್ಟೇಜ್ ಮತ್ತೆ ಕುಸಿಯುತ್ತದೆ. ಡಿಸ್‌ಪ್ಲೇ ಮಿನುಗಿ ಆರುವುದು ಇದರಿಂದಲೇ. ಹೊಸ ಸೆಲ್ ಹಾಕಿದರೂ ‘ಲೋ ಬ್ಯಾಟ್’ ತೋರಿಸುವ ಯಂತ್ರಗಳಲ್ಲಿ ಬಹುಪಾಲಿಗೆ ಇಷ್ಟೇ ಔಷಧಿ. ಈ ಯಂತ್ರದಲ್ಲೂ ಮೊದಲ ದೂರು ಇಲ್ಲಿಗೇ ಮುಗಿಯಿತು.

ಸೆಲ್ ಆಯ್ಕೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಎನೆಲೂಪ್‌ನಂಥ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ ಹಾಕಿ. ಸ್ಯಾನ್ಯೊ 2005ರಲ್ಲಿ ತಂದದ್ದು, ಈಗ ಪ್ಯಾನಾಸಾನಿಕ್‌ನ ಹೆಸರಿನಲ್ಲಿದೆ. ತಿಂಗಳುಗಟ್ಟಲೆ ಇಟ್ಟರೂ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಯುಎಸ್‌ಬಿಯಿಂದ ಚಾರ್ಜ್ ಆಗುವ 1.5 ವೋಲ್ಟ್ ಲಿಥಿಯಂ ಎಎ ಸೆಲ್ ಈಗ ಎಲ್ಲ ಕಡೆ ಸಿಗುತ್ತದೆ, ರೆಕಾರ್ಡಿಂಗ್‌ಗೆ ಅದನ್ನು ಬಳಸಬೇಡಿ. ಅದರೊಳಗಿನ ಸರ್ಕ್ಯೂಟ್ ಕೊನೆಯ ತನಕ 1.5 ವೋಲ್ಟ್ ತೋರಿಸಿ ಒಮ್ಮೆಲೇ ಕಡಿದುಬಿಡುತ್ತದೆ, ಯಂತ್ರಕ್ಕೆ ಬ್ಯಾಟರಿ ಮುಗಿಯುತ್ತಿರುವ ಸುಳಿವೇ ಸಿಗುವುದಿಲ್ಲ. ಮಿನಿಡಿಸ್ಕ್‌ನಲ್ಲಿ ಹಾಡುಗಳ ವಿಳಾಸಪಟ್ಟಿ, ಅಂದರೆ ಟಿಒಸಿ, ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ. ಡಿಸ್‌ಪ್ಲೇಯಲ್ಲಿ ‘ಟಿಒಸಿ ಎಡಿಟ್’ ಮಿನುಗುವ ಆ ಕೆಲವು ಸೆಕೆಂಡಿನಲ್ಲಿ ವಿದ್ಯುತ್ ಹೋದರೆ ಹಾಡು ಡಿಸ್ಕ್ ಮೇಲಿದ್ದರೂ ಅದು ಎಲ್ಲಿದೆ ಎಂಬ ಗುರುತು ಇರುವುದಿಲ್ಲ. ಒಂದೂಕಾಲು ಗಂಟೆಯ ಕಛೇರಿ ರೆಕಾರ್ಡ್ ಮಾಡಿ ಇಲ್ಲಿ ಕಳೆದುಕೊಂಡರೆ ಬರಿಗಣ್ಣಿಗೆ ಯಾವ ಕಾರಣವೂ ಕಾಣುವುದಿಲ್ಲ.

ಒಳಗೆ

ಡಿಸ್ಕ್ ಹೊರಗೆ, ಸೆಲ್ ಹೊರಗೆ, ಪಟ್ಟಿ ಮಣಿಕಟ್ಟಿಗೆ. ತಳದ ಮತ್ತು ಬದಿಯ ಸ್ಕ್ರೂಗಳ ಉದ್ದ ಒಂದೇ ಅಲ್ಲ. ಹಾಳೆಯ ಮೇಲೆ ಯಂತ್ರದ ಆಕಾರ ಬರೆದು, ತೆಗೆದ ಜಾಗದಲ್ಲೇ ಸ್ಕ್ರೂ ಚುಚ್ಚಿಡಿ ಅಥವಾ ಟೇಪ್ ಅಂಟಿಸಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ತುದಿ ಬೋರ್ಡ್ ಅಥವಾ ಫ್ಲೆಕ್ಸ್‌ಗೆ ತಗುಲುತ್ತದೆ, ಒಳ್ಳೆಯ ಯಂತ್ರ ಜೋಡಿಸುವಾಗ ಸಾಯುವುದು ಹೀಗೆಯೇ. ತಳದ ತಟ್ಟೆ ಎತ್ತುವಾಗ ಜೋರು ಬೇಡ, ಪ್ಲಾಸ್ಟಿಕ್ ಕೊಕ್ಕೆಗಳಿವೆ, ಗಿಟಾರ್ ಪಿಕ್‌ನಿಂದ ಬಿಡಿಸಿ.

ಬೋರ್ಡ್ ಪೂರ್ತಿ ತೆಗೆಯದೆಯೇ ಈ ರಿಪೇರಿಯ ಬಹುಪಾಲು ಆಗುತ್ತದೆ. ತೆಗೆಯಲೇಬೇಕಾದರೆ ಪಿಕಪ್‌ನ ಫ್ಲೆಕ್ಸ್ ಕೇಬಲ್ ವಿಷಯದಲ್ಲಿ ಎಚ್ಚರ. ಲೇಸರ್ ಡಯೋಡ್ ನಮ್ಮ ಬೆರಳಿನ ಸ್ಥಿರವಿದ್ಯುತ್ತಿಗೇ ಸುಟ್ಟುಹೋಗುತ್ತದೆ, ಚಟ್ ಎಂಬ ಸದ್ದೂ ಇರುವುದಿಲ್ಲ. ಅದಕ್ಕಾಗಿಯೇ ಪಿಕಪ್ ಫ್ಲೆಕ್ಸ್ ಮೇಲೆ ಲೇಸರ್ ಟ್ಯಾಪ್ ಎಂಬ ಜೋಡಿ ಬಿಂದು ಇರುತ್ತದೆ. ಕನೆಕ್ಟರ್‌ನಿಂದ ಕೇಬಲ್ ಬಿಡಿಸುವ ಮುನ್ನ ಆ ಎರಡೂ ಬಿಂದುಗಳಿಗೆ ಒಂದು ಚುಕ್ಕೆ ಸೋಲ್ಡರ್ ಹಾಕಿ ಸೇರಿಸಬೇಕು. ಮರಳಿ ಕನೆಕ್ಟರ್‌ಗೆ ಹಾಕಿದ ಮೇಲೆಯೇ ಆ ಚುಕ್ಕೆ ತೆಗೆಯಬೇಕು. ಈ ಕ್ರಮ ತಿರುವುಮುರುವಾದರೆ ಚುಕ್ಕೆ ಹಾಕಿದ್ದೂ ವ್ಯರ್ಥ. ಕನೆಕ್ಟರ್‌ನ ಕಪ್ಪು ರೆಪ್ಪೆಯನ್ನು ಉಗುರಿನಿಂದ ಮೇಲೆತ್ತಿದರೆ ಕೇಬಲ್ ತಾನಾಗಿ ಸಡಿಲವಾಗುತ್ತದೆ, ಎಳೆದು ಬಿಡಿಸುವಂಥದ್ದಲ್ಲ.

ತೆರೆದ ಯಂತ್ರಕ್ಕೆ ವಿದ್ಯುತ್ ಕೊಟ್ಟು ಲೆನ್ಸ್‌ನೊಳಗೆ ಇಣುಕಬೇಡಿ. 780 ನ್ಯಾನೊಮೀಟರ್‌ನ ಬೆಳಕು ಕಣ್ಣಿಗೆ ಬಹುತೇಕ ಕಾಣುವುದಿಲ್ಲ, ಹಾನಿ ಮಾತ್ರ ಮಾಡುತ್ತದೆ.

ಜಾರುಹಾದಿ

‘ಮೊದಲ ಹಾಡು ಬರುತ್ತದೆ, ಆಮೇಲೆ ಡಿಸ್ಕ್ ಎರರ್’ ಎಂಬ ದೂರಿನ ಮೂಲ ಸಾಮಾನ್ಯವಾಗಿ ಇಲ್ಲಿದೆ. ಮಿನಿಡಿಸ್ಕ್ ಒಳಗಿನಿಂದ ಹೊರಕ್ಕೆ ಓಡುತ್ತದೆ. ಪಿಕಪ್ ಒಂದು ಉದ್ದನೆಯ ತಿರುಪಿನ ಮೇಲೆ, ಪಕ್ಕದ ಒಂದು ಕಂಬಿಯ ಆಧಾರದಲ್ಲಿ ಜಾರುತ್ತದೆ. ಸಣ್ಣ ಮೋಟಾರ್ ಗೇರ್‌ಗಳ ಮೂಲಕ ತಿರುಪನ್ನು ತಿರುಗಿಸುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷದ ಗ್ರೀಸ್ ಒಣಗಿ ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ. ಮೋಟಾರ್ ಒಂದು ಹಂತದ ತನಕ ತಳ್ಳುತ್ತದೆ, ಆಮೇಲೆ ಲೆನ್ಸ್ ಮಾತ್ರ ಬಾಗಿ ಟ್ರ್ಯಾಕ್ ಹಿಂಬಾಲಿಸಲು ನೋಡುತ್ತದೆ, ಅದರ ಮಿತಿ ಮುಗಿದಾಗ ಕೈಚೆಲ್ಲುತ್ತದೆ.

ಗೇರನ್ನು ಟ್ವೀಜರ್ ತುದಿಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ ಪಿಕಪ್‌ಅನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒಯ್ಯಿರಿ. ಎಲ್ಲಿ ಬಿಗಿಯಾಗುತ್ತದೆ ಎಂದು ಬೆರಳಿಗೇ ತಿಳಿಯುತ್ತದೆ. ಈ ಯಂತ್ರದಲ್ಲಿ ಹಾದಿಯ ಮಧ್ಯದಿಂದಾಚೆಗೆ ಸ್ಪಷ್ಟ ಬಿಗಿ. ಪಿಕಪ್‌ಅನ್ನು ನೇರವಾಗಿ ಹಿಡಿದು ತಳ್ಳಬೇಡಿ, ತಿರುಪಿನ ಹಲ್ಲಿಗೆ ಸಿಕ್ಕಿಕೊಂಡಿರುವ ಪ್ಲಾಸ್ಟಿಕ್ ನಾಲಿಗೆ ಸವೆದರೆ ಬದಲಿ ಸಿಗುವುದು ಇನ್ನೊಂದು ಸತ್ತ ಯಂತ್ರದಿಂದ ಮಾತ್ರ.

ಪಿಕಪ್ ಒಂದು ಕೊನೆಯಲ್ಲಿರಲಿ. ಆಲ್ಕೊಹಾಲ್ ತಾಗಿಸಿದ ಚೂಪು ಕಡ್ಡಿಯನ್ನು ತಿರುಪಿಗೆ ಒತ್ತಿ ಹಿಡಿದು ಗೇರ್ ತಿರುಗಿಸಿ, ಹಳೆಯ ಗ್ರೀಸ್ ಕಂದು ದಾರದಂತೆ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಕಡ್ಡಿ ಬಿಳಿಯಾಗಿಯೇ ಬರುವ ತನಕ ಬದಲಿಸಿ. ಪಿಕಪ್‌ಅನ್ನು ಇನ್ನೊಂದು ಕೊನೆಗೆ ಒಯ್ದು ಉಳಿದರ್ಧ ತೊಳೆಯಿರಿ. ಪಕ್ಕದ ಕಂಬಿಯನ್ನು ಒರೆಸುವುದು ಮರೆತುಹೋಗುತ್ತದೆ, ಬಿಗಿ ಅರ್ಧದಷ್ಟು ಅಲ್ಲಿಂದಲೇ ಬರುತ್ತದೆ. ಗೇರ್ ಹಲ್ಲಿನ ಸಂದಿಯಲ್ಲಿ ಕೂದಲೆಳೆ ಇದ್ದರೆ ಭೂತಗನ್ನಡಿಯಲ್ಲಿ ಕಾಣುತ್ತದೆ. ಐದು ನಿಮಿಷ ಆರಲು ಬಿಡಿ.

ಹೊಸ ಗ್ರೀಸನ್ನು ಗುಂಡುಸೂಜಿಯ ತುದಿಯಿಂದ ತಿರುಪಿನ ಮೂರು ಕಡೆ ಚುಕ್ಕೆಯಿಟ್ಟು, ಗೇರ್ ತಿರುಗಿಸಿ ಹರಡಿ. ತಿರುಪು ಒದ್ದೆಯಾಗಿ ಹೊಳೆಯಬೇಕು, ಹಲ್ಲುಗಳ ನಡುವೆ ಗ್ರೀಸ್ ತುಂಬಿ ಕಾಣಬಾರದು. ಹೆಚ್ಚಾದದ್ದು ಮುಂದೆ ಡಿಸ್ಕ್ ಕಡೆಗೆ ಸಿಡಿಯುತ್ತದೆ. ಕಂಬಿಗೆ ಇನ್ನೂ ಕಡಿಮೆ, ಕಡ್ಡಿಯಲ್ಲಿ ಉಳಿದದ್ದನ್ನು ಒಮ್ಮೆ ಸವರಿದರೆ ಸಾಕು. ಡಿಸ್ಕ್ ತಿರುಗಿಸುವ ಸ್ಪಿಂಡಲ್ ಮೋಟಾರ್‌ಗೆ ಏನೂ ಹಾಕಬೇಡಿ. ಅದರ ತಲೆಯಲ್ಲಿರುವ ಅಯಸ್ಕಾಂತ ಡಿಸ್ಕ್ ನಡುವಿನ ಲೋಹದ ತಟ್ಟೆಯನ್ನು ಹಿಡಿದುಕೊಳ್ಳುತ್ತದೆ, ಅಲ್ಲಿ ಕಬ್ಬಿಣದ ಪುಡಿ ಅಂಟಿದ್ದರೆ ಡಿಸ್ಕ್ ಓರೆಯಾಗಿ ಕೂರುತ್ತದೆ; ಬ್ಲೂಟ್ಯಾಕ್‌ನಂಥ ಅಂಟುಮುದ್ದೆಯಿಂದ ಒತ್ತಿ ತೆಗೆಯಿರಿ.

ಲೆನ್ಸ್

ಲೆನ್ಸ್ ಗೋಧಿಕಾಳಿಗಿಂತ ಚಿಕ್ಕದು, ಕೂದಲಿನಂಥ ತಂತಿಗಳ ಮೇಲೆ ತೇಲುತ್ತಿದೆ. ಉಸಿರು ತಾಗಿದರೂ ಅಲುಗುತ್ತದೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಧೂಳು ಹಾರಿಸಿ. ಕ್ಯಾನ್‌ನ ಗಾಳಿ ಬೇಡ, ಅದರ ರಭಸ ಹೆಚ್ಚು, ಜೊತೆಗೆ ದ್ರವ ಉಗುಳುತ್ತದೆ. ಕಡ್ಡಿಯನ್ನು ಆಲ್ಕೊಹಾಲ್‌ಗೆ ಮುಟ್ಟಿಸಿ, ಕಾಗದದ ಮೇಲೆ ಒಮ್ಮೆ ಒತ್ತಿ, ತನ್ನ ಭಾರದಲ್ಲೇ ಲೆನ್ಸ್ ಮೇಲೆ ಇಳಿಯಲು ಬಿಡಿ. ನಡುವಿನಿಂದ ಹೊರಕ್ಕೆ ಒಂದೂವರೆ ಸುತ್ತು, ಎತ್ತಿಬಿಡಿ. ಒಣ ಕಡ್ಡಿಯಿಂದ ಮತ್ತೊಮ್ಮೆ. ಓರೆ ಬೆಳಕಿನಲ್ಲಿ ಹಿಡಿದರೆ ಶುಚಿಯಾದ ಲೆನ್ಸ್ ನೀಲಿ-ನೇರಳೆ ಛಾಯೆಯಲ್ಲಿ ಒಂದೇ ಸಮನೆ ಹೊಳೆಯುತ್ತದೆ, ಮಸಿಯಿದ್ದಲ್ಲಿ ಬೂದು ಮೋಡ ಕಾಣುತ್ತದೆ. ಸಿಗರೇಟು ಹೊಗೆಯ ಮನೆಯಿಂದ ಬಂದ ಯಂತ್ರಕ್ಕೆ ಎರಡು ಮೂರು ಸಲ ಬೇಕಾಗುತ್ತದೆ. ಲೆನ್ಸ್‌ನ ಕೆಳಗೆ, ಕನ್ನಡಿಯ ಮೇಲೂ ಧೂಳು ಕೂರುವುದುಂಟು, ಅದು ಬ್ಲೋವರ್‌ಗೆ ಮಾತ್ರ ಎಟಕುತ್ತದೆ.

ಇಲ್ಲಿಗೆ ತಳದ ತಟ್ಟೆಯನ್ನು ಎರಡೇ ಸ್ಕ್ರೂ ಮೇಲೆ ಕೂರಿಸಿ ಪರೀಕ್ಷೆ ಮಾಡಿದಾಗ ಡಿಸ್ಕ್ ಕೊನೆಯ ಹಾಡಿನ ತನಕ ಓಡಿತು, ತಾಳವೂ ಸರಿ. ಅಂದರೆ ‘ಹೋದ ಲೇಸರ್’ ಹೋಗಿರಲೇ ಇಲ್ಲ. ಉಳಿದದ್ದು ರೆಕಾರ್ಡಿಂಗ್.

ಮೇಲಿನ ತೋಳು

ಕಾಂತೀಯ ಹೆಡ್ ಪಿಕಪ್‌ಗೇ ಜೋಡಿಸಿದ ಒಂದು ತೋಳಿನ ತುದಿಯಲ್ಲಿದೆ. ಇಕ್ಕಳದ ಎರಡು ಬಾಯಿಗಳ ಹಾಗೆ: ಕೆಳಬಾಯಿಯಲ್ಲಿ ಲೆನ್ಸ್, ಮೇಲ್ಬಾಯಿಯಲ್ಲಿ ಹೆಡ್, ನಡುವೆ ಡಿಸ್ಕ್. ಪ್ಲೇ ಮಾಡುವಾಗ ತೋಳು ಎತ್ತಿರುತ್ತದೆ, ರೆಕಾರ್ಡ್ ಮಾಡುವಾಗ ಮಾತ್ರ ಇಳಿದು ಡಿಸ್ಕ್ ಮೇಲ್ಮೈ ಸವರುತ್ತದೆ. ತೋಳು ಅಂದರೆ ಕಾಗದದಷ್ಟು ತೆಳ್ಳಗಿನ ಲೋಹದ ಪಟ್ಟಿ. ಡಿಸ್ಕ್ ಅರ್ಧಂಬರ್ಧ ಹಾಕಿ ಮುಚ್ಚಳ ಒತ್ತಿದರೆ, ಲೇಬಲ್ ಕಿತ್ತು ಬಂದ ಡಿಸ್ಕ್ ಬಳಸಿದರೆ ಅದು ಬಾಗುತ್ತದೆ. ಹೆಡ್‌ಗೆ ಹೋಗುವ ಫ್ಲೆಕ್ಸ್ ಪ್ರತಿ ಸಲ ಮುಚ್ಚಳ ತೆರೆದಾಗಲೂ ಮಡಚಿ ಮಡಚಿ, ಒಂದು ದಿನ ಮಡಿಕೆಯಲ್ಲೇ ಸೀಳುತ್ತದೆ. ಈ ಕಾಲದ ಪೋರ್ಟಬಲ್‌ಗಳಲ್ಲಿ ರೆಕಾರ್ಡಿಂಗ್ ನಿಲ್ಲಲು ಇದು ಬಹು ಸಾಮಾನ್ಯ ಕಾರಣ.

ಮುಚ್ಚಳ ತೆರೆದು, ಬದಿಯಿಂದ ನೋಡಿ. ತೋಳು ಡಿಸ್ಕ್ ಹೋಲ್ಡರ್‌ಗೆ ಸಮಾಂತರ ಇರಬೇಕು, ಹೆಡ್‌ನ ಕಪ್ಪು ಪಾದ ಓರೆಯಾಗಿರಬಾರದು. ಪಾದಕ್ಕೆ ಹತ್ತಿಯೆಳೆ, ಲೇಬಲ್ ಅಂಟು ಹತ್ತಿದ್ದರೆ ಆಲ್ಕೊಹಾಲ್ ಕಡ್ಡಿಯಿಂದ ತೋಳನ್ನು ಕೆಳಗಿನಿಂದ ಬೆರಳಿನ ಆಸರೆ ಕೊಟ್ಟು ಒರೆಸಿ. ಆಮೇಲೆ ಫ್ಲೆಕ್ಸ್‌ನ ಎರಡು ಹೆಡ್ ಲೈನ್‌ಗಳ ನಡುವೆ ಮೀಟರ್ ಇಡಿ. ಕಾಯಿಲ್ ಸರಿಯಿದ್ದರೆ ತೀರಾ ಕಡಿಮೆ ಓಮ್ ತೋರಿಸುತ್ತದೆ, ತುಂಡಾಗಿದ್ದರೆ ಓಪನ್, ಅಂದರೆ ಸಂಪರ್ಕವೇ ಇಲ್ಲ. ಮುಚ್ಚಳವನ್ನು ನಿಧಾನವಾಗಿ ತೆರೆದು ಮುಚ್ಚುತ್ತಾ ಮೀಟರ್ ನೋಡಬೇಕು; ಮುಚ್ಚಿದಾಗ ಸರಿಯಿದ್ದು ಅರ್ಧ ತೆರೆದಾಗ ಓಪನ್ ಆದರೆ ಮಡಿಕೆಯಲ್ಲಿ ಬಿರುಕು.

ಈ ಯಂತ್ರದಲ್ಲಿ ಮುಚ್ಚಿದಾಗಲೂ ಓಪನ್. ಬಿರುಕು ಮಡಿಕೆಯ ಒಳಬದಿಯಲ್ಲಿ, ಒಂದೇ ಲೈನ್‌ನಲ್ಲಿ. ಮೇಲಿನ ಕಂದು ಪದರವನ್ನು ಬಿರುಕಿನ ಎರಡೂ ಕಡೆ ಒಂದೂವರೆ ಮಿ.ಮೀ. ಫೈಬರ್‌ಗ್ಲಾಸ್ ಪೆನ್‌ನಿಂದ ಉಜ್ಜಿ ತಾಮ್ರ ಕಾಣಿಸಬೇಕು. 0.1 ಮಿ.ಮೀ. ಎನಾಮೆಲ್ ತಂತಿಯನ್ನು ಸೇತುವೆಯಾಗಿ ಬೆಸೆಯಬೇಕು, ಆದರೆ ನೇರವಾಗಿ ಅಲ್ಲ. ನೇರ ತಂತಿ ಅದೇ ಮಡಿಕೆಯಲ್ಲಿ ವಾರದೊಳಗೆ ತುಂಡಾಗುತ್ತದೆ. ಮಡಿಕೆಯ ಪಕ್ಕಕ್ಕೆ ಕಮಾನಿನಂತೆ 4-5 ಮಿ.ಮೀ. ಸಡಿಲ ಬಿಟ್ಟು, ಮುಚ್ಚಳ ಪೂರ್ತಿ ತೆರೆದ ಸ್ಥಿತಿಯಲ್ಲೇ ಉದ್ದ ಅಳೆದು ಬೆಸೆಯಿರಿ. ಐರನ್ 300 ಡಿಗ್ರಿ, ಪ್ರತಿ ಬಿಂದುವಿಗೆ ಒಂದು ಸೆಕೆಂಡ್. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ತಾಮ್ರವೇ ಪದರದಿಂದ ಏಳುತ್ತದೆ. ಬೆಸುಗೆ ಬಿಂದುಗಳ ಮೇಲೆ ಮಾತ್ರ ಯುವಿ ಅಂಟಿನ ಚುಕ್ಕೆ. ಕಮಾನಿಗೆ ಅಂಟು ತಾಗಬಾರದು, ಅದು ಆಡುತ್ತಿರಬೇಕು. ಐವತ್ತು ಸಲ ತೆರೆದು ಮುಚ್ಚಿ ಮತ್ತೆ ಮೀಟರ್ ಇಟ್ಟಾಗ ಸಂಪರ್ಕ ಹಾಗೆಯೇ ಇತ್ತು. ಎರಡೂ ಲೈನ್ ಸೀಳಿದ್ದರೆ, ಅಥವಾ ಬಿರುಕು ಹೆಡ್‌ನ ಬುಡಕ್ಕೇ ತಾಗಿದ್ದರೆ ಈ ಸೇತುವೆ ನಿಲ್ಲುವುದಿಲ್ಲ. ಆಗ ದಾನಿ ಯಂತ್ರದ ಪಿಕಪ್ ಬೇಕು.

ಪಿಕಪ್ ಬದಲಿಸಿದರೆ ಮಾತ್ರ ಸರ್ವಿಸ್ ಮೋಡ್ (ರಿಪೇರಿಗಾರರಿಗಾಗಿ ಇಟ್ಟ ಮೆನು) ಪ್ರವೇಶಿಸುವ ಕಾರಣ ಬರುತ್ತದೆ. ಅಲ್ಲಿ ಗುಳಿಯ ಡಿಸ್ಕ್ ಒಂದು, ರೆಕಾರ್ಡ್ ಡಿಸ್ಕ್ ಒಂದು ಹಾಕಿ ಯಂತ್ರವೇ ತನ್ನ ಸರ್ವೊ, ಅಂದರೆ ಲೆನ್ಸ್‌ಅನ್ನು ಟ್ರ್ಯಾಕ್ ಮೇಲೆ ಹಿಡಿದಿಡುವ ನಿಯಂತ್ರಣ, ಹೊಂದಿಸಿಕೊಳ್ಳುವ ಸೌಲಭ್ಯವಿದೆ. ಅದೇ ಮೆನುವಿನಲ್ಲಿ ಮೆಮೊರಿ ರೀಸೆಟ್ ಕೂಡ ಇದೆ. ಅದನ್ನು ಒತ್ತಿದರೆ ಕಾರ್ಖಾನೆಯಲ್ಲಿ ಬರೆದ ವೋಲ್ಟೇಜ್ ಮತ್ತು ಲೇಸರ್ ಹೊಂದಾಣಿಕೆ ಅಳಿದುಹೋಗುತ್ತದೆ, ವೋಲ್ಟ್‌ಮೀಟರ್ ಮತ್ತು ಲೇಸರ್ ಪವರ್ ಮೀಟರ್ ಇಲ್ಲದೆ ಮತ್ತೆ ಬರೆಯಲಾಗದು. ನೋಡೋಣ ಎಂದು ಒತ್ತುವ ಮೆನು ಅಲ್ಲ ಅದು.

ಪರೀಕ್ಷೆ

ರೆಕಾರ್ಡಿಂಗ್ ಟ್ಯಾಬ್ ಮುಚ್ಚಿದ ಡಿಸ್ಕ್ ಹಾಕಿಯೂ ಅದು ಪ್ರೊಟೆಕ್ಟ್ ಆಗಿದೆ, ರೆಕಾರ್ಡ್ ಮಾಡಲಾಗದು ಎಂದು ಯಂತ್ರ ತೋರಿಸಿದರೆ ಗೂಡಿನ ಮೂಲೆಯ ಪುಟ್ಟ ಸ್ವಿಚ್ ಅಂಟಿಕೊಂಡಿದೆ, ಒಂದು ಹನಿ ಆಲ್ಕೊಹಾಲ್ ಹಾಕಿ ಹತ್ತು ಸಲ ಒತ್ತಿದರೆ ಬಿಡುತ್ತದೆ. ಉಳಿದ ಪರೀಕ್ಷೆ ಹೀಗೆ. ಖಾಲಿ 80 ನಿಮಿಷದ ಡಿಸ್ಕ್ ಹಾಕಿ ಎಸ್‌ಪಿ ಮೋಡ್‌ನಲ್ಲಿ ಲೈನ್-ಇನ್‌ನಿಂದ ಡಿಸ್ಕ್ ತುಂಬುವ ತನಕ ರೆಕಾರ್ಡ್ ಮಾಡಿ. ಐದು ನಿಮಿಷದ ರೆಕಾರ್ಡಿಂಗ್ ಒಳವೃತ್ತವನ್ನು ಮಾತ್ರ ಪರೀಕ್ಷಿಸುತ್ತದೆ. ಸ್ಟಾಪ್ ಒತ್ತಿ, ‘ಟಿಒಸಿ ಎಡಿಟ್’ ಆರುವ ತನಕ ಯಂತ್ರವನ್ನು ಅಲುಗಿಸಬೇಡಿ. ಡಿಸ್ಕ್ ತೆಗೆದು, ಮತ್ತೆ ಹಾಕಿ, 2ನೇ, 40ನೇ, 78ನೇ ನಿಮಿಷದ ಹತ್ತಿರ ಕೇಳಿ. ಅದೇ ಡಿಸ್ಕ್ ಮೇಲೆ ಇನ್ನೊಮ್ಮೆ ಬೇರೆ ಧ್ವನಿ ರೆಕಾರ್ಡ್ ಮಾಡಿ; ಹೆಡ್‌ನ ಕಾಂತಕ್ಷೇತ್ರ ಸೊರಗಿದ್ದರೆ ಖಾಲಿ ಡಿಸ್ಕ್‌ನಲ್ಲಿ ಪಾಸಾದದ್ದು ಇಲ್ಲಿ ಚಿಟಚಿಟ ಸದ್ದಾಗಿ ಸಿಕ್ಕಿಬೀಳುತ್ತದೆ. ಸಾಧ್ಯವಾದರೆ ಇನ್ನೊಂದು ಯಂತ್ರದಲ್ಲಿ ಓಡಿಸಿ. ತನ್ನ ಬರಹ ತಾನೊಬ್ಬನೇ ಓದಬಲ್ಲ ಯಂತ್ರ ಸರಿಯಾದ ಯಂತ್ರವಲ್ಲ.

ಕೊನೆಗೆ ಯುಎಸ್‌ಬಿ. ಹಾಡು ತುಂಬಲು ಸೋನಿ ಕೊಡುತ್ತಿದ್ದ ಹಳೆಯ ಸಾಫ್ಟ್‌ವೇರ್ ಸಾನಿಕ್‌ಸ್ಟೇಜ್ ಈಗ ಬೇಕಿಲ್ಲ. ಕ್ರೋಮ್ ಬ್ರೌಸರ್‌ನಲ್ಲೇ ಓಡುವ ವೆಬ್ ಮಿನಿಡಿಸ್ಕ್ ಪ್ರೊ ಸಾಕು. ವಿಂಡೋಸ್‌ನಲ್ಲಿ ಝಾಡಿಗ್ ಎಂಬ ಸಣ್ಣ ಪ್ರೋಗ್ರಾಮ್ ಉಪಯೋಗಿಸಿ ವಿನ್‌ಯುಎಸ್‌ಬಿ ಡ್ರೈವರ್ ಹಾಕಬೇಕು, ಲಿನಕ್ಸ್‌ನಲ್ಲಿ ಸಾಧನಕ್ಕೆ ಅನುಮತಿ ಕೊಡುವ ಯುಡೆವ್ ನಿಯಮ ಬೇಕು, ಮ್ಯಾಕ್‌ನಲ್ಲಿ ಏನೂ ಬೇಡ. ಒಟಿಜಿ ಕೇಬಲ್ ಇದ್ದರೆ ಆಂಡ್ರಾಯ್ಡ್ ಫೋನ್‌ನ ಕ್ರೋಮ್‌ನಿಂದಲೂ ಹಾಡು ಹೋಗುತ್ತದೆ. ಯಂತ್ರ ಪತ್ತೆಯಾಗದಿದ್ದರೆ ಮೊದಲು ಕೇಬಲ್ ಬದಲಿಸಿ; ಬರೀ ಚಾರ್ಜಿಂಗ್‌ಗೆಂದು ಮಾಡಿದ ಮಿನಿ ಯುಎಸ್‌ಬಿ ಕೇಬಲ್‌ಗಳು ಮನೆಮನೆಯಲ್ಲಿವೆ. ವರ್ಗಾವಣೆ ವೇಳೆ ತುಂಬಿದ ಸೆಲ್ ಒಳಗಿರಲಿ. ಒಂದೇ ಡಿಸ್ಕ್‌ನಲ್ಲಿ ಹೆಚ್ಚು ಹೊತ್ತು ಹಿಡಿಸುವ ಮೋಡ್‌ಗಳಲ್ಲಿ ಎಲ್‌ಪಿ2 ಸೆಕೆಂಡಿಗೆ 132 ಕಿಲೋಬಿಟ್, ಎಲ್‌ಪಿ4 66. ಎಲ್‌ಪಿ2 ಇಯರ್‌ಫೋನ್‌ಗೆ ಧಾರಾಳ ಸಾಕು; ಎಲ್‌ಪಿ4 ಮಾತಿನ ರೆಕಾರ್ಡಿಂಗ್‌ಗೆ ಸರಿ, ತಂಬೂರಿಯ ಶ್ರುತಿ ಅದರಲ್ಲಿ ಕಲಕಿದಂತೆ ಕೇಳುತ್ತದೆ. ಹಾಡಿನ ಹೆಸರಿಗೆ ಕನ್ನಡ ಅಕ್ಷರ ಹೋಗುವುದಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಇಡೀ ಡಿಸ್ಕ್‌ಗೆ ಸುಮಾರು 1,700 ಅಕ್ಷರಗಳ ಮಿತಿ ಇರುವುದರಿಂದ ವಚನದ ಮೊದಲ ಸಾಲನ್ನು ಪೂರ್ತಿ ಬರೆಯುವುದಕ್ಕಿಂತ ಮೊದಲ ಎರಡು ಪದ ಸಾಕು.

ಡಿಸ್ಕ್‌ಗಳನ್ನು ಜೋಪಾನ ಮಾಡಿ. ಸೋನಿ ಖಾಲಿ ಮಿನಿಡಿಸ್ಕ್ ತಯಾರಿಕೆಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದೆ. ಇರುವ ಡಿಸ್ಕ್‌ನ ಮೇಲೆ ಬೆರಳಚ್ಚು ಇದ್ದರೆ ಷಟರ್ ಸರಿಸಿ, ನೀರು ತೇವದ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ, ಸುತ್ತ ಒರೆಸಬೇಡಿ. ಸುಲಿಯುತ್ತಿರುವ ಲೇಬಲ್ ಪೂರ್ತಿ ಕಿತ್ತು ಅಂಟು ಒರೆಸಿದ ಮೇಲೆಯೇ ಯಂತ್ರಕ್ಕೆ ಹಾಕಿ. ಮೇಲಿನ ತೋಳನ್ನು ಮುರಿಯುವುದು ಹೆಚ್ಚಾಗಿ ಆ ಲೇಬಲ್‌ನ ಮೂಲೆಯೇ.

ಮುಚ್ಚುವಾಗ ಸ್ಕ್ರೂಗಳನ್ನು ಮೊದಲು ಎಡಕ್ಕೆ ತಿರುಗಿಸಿ, ಹಳೆಯ ಹಲ್ಲಿಗೆ ಕೂತ ‘ಟಿಕ್’ ಕೇಳಿದ ಮೇಲೆ ಬಲಕ್ಕೆ ಬಿಗಿ ಮಾಡಿ. ತಳದ ತಟ್ಟೆಯ ಒಳಬದಿಗೆ ಒಂದು ಸಣ್ಣ ಚೀಟಿ ಅಂಟಿಸಲಾಗಿದೆ: ರಿಪೇರಿಯ ತಾರೀಕು, ಹಾಕಿದ ಗ್ರೀಸಿನ ಹೆಸರು, ಹೆಡ್ ಫ್ಲೆಕ್ಸ್‌ನ ಯಾವ ಲೈನ್‌ಗೆ ಸೇತುವೆ ಬಿದ್ದಿದೆ ಎಂಬ ಗುರುತು. ಸೆಲ್ ಹೊರಗಿದೆ. ತಿಂಗಳಿಗಿಂತ ಹೆಚ್ಚು ಬಳಸದಿದ್ದರೆ ಅದು ಹೊರಗೇ ಇರಬೇಕು.